ಹಿತ್ತಲ ಗಿಡ ಮದ್ದಲ್ಲ ಅಂದವರು ಯಾರು?

ಸನ್ಮಾನ ಸಭೆಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಗಾದೆಯನ್ನೂ ಹೊದಿಸುವ ಪದ್ಧತಿ ಈಚೆಗೆ ಬಂದುಬಿಟ್ಟಿದೆ. ನವರಾತ್ರಿಯ ಹೊತ್ತಿನಲ್ಲಿ ಮಲೆನಾಡಿನ ಊರೊಂದರ ಸಭಾಭವನದಲ್ಲಿ ಆದದ್ದೂ ಇದೇ. ತಲೆ ನರೆಯುವವರೆಗೆ ಮದ್ದಳೆ ಬಾರಿಸಿದ ಹಿರಿಯರೊಬ್ಬರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅಧ್ಯಕ್ಷರು ಮೈಕು ಹಿಡಿದು, “ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ ಇವರನ್ನ ನಾವು ಗುರುತಿಸಲೇ ಇಲ್ಲ” ಎಂದರು. ಚಪ್ಪಾಳೆ ಬಿತ್ತು. ಮದ್ದಳೆಯವರು ಪಕ್ಕದವರ ಕಿವಿಗೆ ಬಾಗಿ ಗೊಣಗಿದ್ದು ಮೊದಲ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು: “ನಾನು ಯಾವಾಗ ಇವರ ಹಿತ್ತಲಲ್ಲಿದ್ದೆ?”

ಆ ಮೊದಲ ಸಾಲಿನಲ್ಲಿ ಈ ಅಂಕಣಕಾರನೂ ಇದ್ದ. ಸಭೆ ಮುಗಿಸಿ ಸಿದ್ದಾಪುರದ ಕಡೆಯ ಗೆಳೆಯನ ಮನೆಗೆ ಹೊರಟವನನ್ನು ಆ ಪ್ರಶ್ನೆ ದಾರಿಯುದ್ದಕ್ಕೂ ಬಿಡಲಿಲ್ಲ. ಗಾದೆಗೆ ಈಗ ಉಳಿದಿರುವುದು ಎರಡೇ ಕೆಲಸ. ಒಂದು, ಗುರುತಿಸಲು ಮರೆತವರು ತಮ್ಮ ಮರೆವಿಗೆ ಜಾನಪದದ ಹೊಣೆ ಹೊರಿಸುವುದು. ಇನ್ನೊಂದು, ಪತ್ರಿಕೆಗಳ ಮನೆಮದ್ದಿನ ಪುಟಕ್ಕೆ ಶೀರ್ಷಿಕೆಯಾಗುವುದು. ಅಲ್ಲಂತೂ ಅದರ ಬಾಲವನ್ನೇ ಕತ್ತರಿಸಿ ‘ಹಿತ್ತಲ ಗಿಡ ಮದ್ದು’ ಎಂದು ಅಚ್ಚು ಹಾಕುತ್ತಾರೆ. ‘ಅಲ್ಲ’ ಎಂಬ ಎರಡಕ್ಷರ ತೆಗೆದರೆ ಗಾದೆ ಜಾಹೀರಾತಾಗುತ್ತದೆ. ಹಾಗಾದರೆ ಆ ಎರಡಕ್ಷರವನ್ನು ಮೊದಲು ಸೇರಿಸಿದವರು ಯಾರು, ಯಾವ ಲಾಭಕ್ಕೆ? ಅಂಕಣಕಾರನಿಗೆ ಇದರ ಬಗ್ಗೆ ಒಂದು ಸಿದ್ಧಾಂತವಿದೆ. ಸಾಕ್ಷಿ ಸಾಲದು ಎಂದು ಯಾರಾದರೂ ಅಂದರೆ ಅವನು ಕೇಳುವವನಲ್ಲ.

ಅದಕ್ಕೆ ಮೊದಲು ಹಿತ್ತಲನ್ನೊಮ್ಮೆ ನೋಡಬೇಕು. ಗೆಳೆಯನ ಮನೆ ಅಡಕೆ ತೋಟದ ತಲೆಯ ಮೇಲಿದೆ. ಆಶ್ವೀಜ ಶುರುವಾಗಿತ್ತು. ಕೊನೆಕೊಯಿಲು ಇನ್ನೂ ಶುರುವಾಗಿರಲಿಲ್ಲ. ಮಳೆಗಾಲದಲ್ಲಿ ಜಾರದಂತೆ ಅಂಗಳಕ್ಕೆ ಹಾಸಿದ್ದ ಸೋಗೆಯನ್ನು ತೆಗೆದು, ನೆಲ ಕೆತ್ತಿ, ಅಡಕೆ ಒಣಗಿಸುವ ಅಟ್ಟಕ್ಕೆ ಕಂಬ ನೆಡುತ್ತಿದ್ದರು. ಮುಂದೆ ಇಷ್ಟೆಲ್ಲ ಸಡಗರ. ಅಂಗಳದ ಅಂಚಿನಲ್ಲಿ ಡೇರೆ ಹೂವಿನ ಕೊನೆಯ ಸರದಿ ಬಾಡುತ್ತಿತ್ತು. ಮೆಕ್ಸಿಕೋ ದೇಶದ ರಾಷ್ಟ್ರೀಯ ಹೂವಾದ ಡಾಲಿಯಾ ಮಲೆನಾಡಿನ ಹೆಂಗಸರ ಕೈಗೆ ಸಿಕ್ಕಿ ‘ಡೇರೆ’ ಆಗಿ, ಗೆಡ್ಡೆಯ ವಿನಿಮಯದಲ್ಲಿ ನೆಂಟಸ್ತಿಕೆಗಳನ್ನೇ ಬೆಳೆಸಿದೆ.

ಹಿಂದೆ ಹೋದರೆ ಸಡಗರವಿಲ್ಲ, ಸಂತೆಯಿದೆ. ಬಚ್ಚಲ ನೀರು ಹರಿಯುವಲ್ಲಿ ಕೆಸು ಮತ್ತು ಬಾಳೆ. ತೇವ ಹಿಡಿದ ಅಂಚಿನಲ್ಲಿ ಒಂದೆಲಗ. ಬೇಲಿಗೆ ಆಡುಸೋಗೆ ಮತ್ತು ದಾಸವಾಳ, ಅವೆರಡರ ಮೇಲೂ ಹಕ್ಕು ಸ್ಥಾಪಿಸಿದ ಹೀರೆ ಬಳ್ಳಿ. ಯಾರೂ ನೆಡದ ಸೂಜಿಮೆಣಸು. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದಿಲ್ಲವಾದ್ದರಿಂದ ಅವೇ ಬೀಜ ತಂದು ಹಾಕುತ್ತವೆ. ಒಂದು ಪಾರಿಜಾತ, ಅದರ ಬುಡದಲ್ಲಿ ಬೆಳಗಿನ ಹೂವು ಇನ್ನೂ ಬಿದ್ದುಕೊಂಡಿತ್ತು. ಬಿಡಿಸಿ ತಂದ ಮೊಗೆಸೌತೆಗಳನ್ನು ಗೆಳೆಯನ ತಾಯಿ ಬಾಳೆನಾರಿನಲ್ಲಿ ಬಿಗಿದು ಅಟ್ಟದ ಜಂತಿಗೆ ತೂಗಿಹಾಕಿಸುತ್ತಿದ್ದರು. ಹಾಗೆ ತೂಗಿದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಫೋನು ಎತ್ತಿ ಹಿಡಿದು, “ಅಜ್ಜಿ, ನಿಮ್ಮ ಗಾರ್ಡನ್ ಸಖತ್ತಾಗಿದೆ” ಎಂದಳು.

“ಹೂಗಿನ ಗಿಡ ಇದ್ದಲ್ಲಿಗೆ ಗಾರ್ಡನ್ ಹೇಳೇ ಕೂಸೇ, ಇದು ಹಿತ್ಲು.”

ಇಲ್ಲಿ ಒಂದು ಭೇದವಿದೆ. ಗಾರ್ಡನ್ ನೋಡುವುದಕ್ಕೆ, ಹಿತ್ತಲು ಕೀಳುವುದಕ್ಕೆ. ‘ಕೈತೋಟ’ ಎಂಬ ಪದವೂ ಇದೆ, ಕೃಷಿ ಇಲಾಖೆಯ ಕರಪತ್ರದ ಇಸ್ತ್ರಿ ಇನ್ನೂ ಮಾಸದ ಪದ. ಮಲೆನಾಡಿನಲ್ಲಿ ‘ತೋಟ’ ಎಂದರೆ ಅಡಕೆಯದು. ಅದನ್ನು ಹಿತ್ತಲಿಗೆ ಹಚ್ಚಿದರೆ ಊರು ನಗುತ್ತದೆ.

ಹಿಂದೆ ಇರುವುದು ಹಿತ್ತಲು ಎಂಬುದನ್ನು ತಿಳಿಯಲು 1894ರ ಕಿಟೆಲ್ ನಿಘಂಟು ಬಿಚ್ಚಬೇಕಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ಅಂಕಣಕಾರನಿಗೆ ಅದರಲ್ಲಿ ಆಸಕ್ತಿ ಇಲ್ಲ. ಅವನ ತಕರಾರು ಬೇರೆ: ಯಾರ ಹಿಂದೆ? ಜಗಲಿಯ ಮೇಲೆ ಕವಳ ಹಾಕುತ್ತ ದಾರಿ ನೋಡುತ್ತ ಕೂತವನಿಗೆ ಅದು ಹಿಂದೆ. ಅಡುಗೆಮನೆಯಲ್ಲಿ ನಿಂತವಳಿಗೆ ಅದು ಕಣ್ಣೆದುರು. ಅವಳ ಬಾಗಿಲು ತೆರೆಯುವುದೇ ಅತ್ತ. ಪಾತ್ರೆ ತೊಳೆಯುವ ಕಲ್ಲು, ಬಚ್ಚಲು, ಕೊಟ್ಟಿಗೆಗೆ ಹೋಗುವ ದಾರಿ ಎಲ್ಲ ಆ ದಿಕ್ಕಿಗೇ. ಅವಳ ಲೆಕ್ಕದಲ್ಲಿ ಹಿಂದೆ ಇರುವುದು ಜಗಲಿ. ಆದ್ದರಿಂದ ‘ಹಿತ್ತಲು’ ಎಂಬ ಹೆಸರಿಟ್ಟವನು ಜಗಲಿಯವನು ಎಂಬುದು ಸಿದ್ಧಾಂತದ ಮೊದಲ ಕಂತು.

ಪದ ಮಾತ್ರ ಜಗಲಿಯವನ ಕೈಯಲ್ಲಿ ಉಳಿಯಲಿಲ್ಲ. ಕರಾವಳಿಗೆ ಇಳಿದರೆ ಮನೆ, ಅಂಗಳ, ತೆಂಗಿನಮರ ಎಲ್ಲ ಸೇರಿ ಇಡೀ ವಾಸದ ಜಾಗವೇ ‘ಹಿತ್ಲು’. ಗುಡ್ಡೆಹಿತ್ಲು ಎಂಬಂಥ ಮನೆಹೆಸರುಗಳು ಅಲ್ಲಿ ಸಾಮಾನ್ಯ. ಯಲ್ಲಾಪುರ ತಾಲ್ಲೂಕಿನಲ್ಲಿ ಹಿತ್ಲಳ್ಳಿ ಇದೆ, ಬಯಲುಸೀಮೆಯ ಶಿಡ್ಲಘಟ್ಟದ ಕಡೆ ಹಿತ್ತಲಹಳ್ಳಿ ಇದೆ. ಇಡೀ ಊರು ಯಾರ ಬೆನ್ನ ಹಿಂದೆ ಇರಬಲ್ಲದು? ದಿಕ್ಕು ಹೇಳಲು ಹುಟ್ಟಿದ ಪದ ದಿಕ್ಕನ್ನು ಮರೆತು, ಮನೆಯವರ ಕೈ ಆಡಿದ ಮಣ್ಣಿಗೆಲ್ಲ ಹೆಸರಾಗಿಬಿಟ್ಟಿದೆ.

ಇಂಥ ಪದವನ್ನು ಈಗಿನವರು ನಡೆಸಿಕೊಳ್ಳುವ ರೀತಿ ನೋಡಿದರೆ ಬೇಸರವಾಗುತ್ತದೆ. ಸುದ್ದಿಮನೆಗಳಲ್ಲಿ ‘ಹಿತ್ತಲ ಬಾಗಿಲು’ ಎಂದರೆ ಲಂಚ, ವಶೀಲಿ, ಚುನಾವಣೆ ಸೋತವರ ಮರುಪ್ರವೇಶ. ನಿಜವಾದ ಹಿತ್ತಲ ಬಾಗಿಲಿನಲ್ಲಿ ದಾಟುತ್ತಿದ್ದದ್ದು ಹೆಪ್ಪಿಗೆ ಒಂದು ಸೌಟು ಮಜ್ಜಿಗೆ, ಸಾಲಕ್ಕೆ ಒಂದು ಲೋಟ ಸಕ್ಕರೆ, ತಿರುಗಿ ಬರುವಾಗ ಅದೇ ಲೋಟದಲ್ಲಿ ಇನ್ನೇನಾದರೂ. ಮುಂಬಾಗಿಲಲ್ಲಿ ಹೇಳಲಾಗದ ಕಷ್ಟ ಅಲ್ಲಿ ಹೇಳಬಹುದಿತ್ತು. ಊರಿನ ಅತಿ ಪ್ರಾಮಾಣಿಕ ಬಾಗಿಲಿಗೆ ಭ್ರಷ್ಟಾಚಾರದ ಕೇಸು ಹಾಕಿದ್ದೇವೆ. ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನಲ್ಲಂತೂ ಮನೆಯ ಹಿಂದೆ ಉಳಿಯುವುದು ‘ಸೆಟ್‌ಬ್ಯಾಕ್’. ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಆಚೆ ವಾಷಿಂಗ್ ಮಷಿನ್ ನಿಲ್ಲುವ ಪಟ್ಟಿಗೆ ‘ಯುಟಿಲಿಟಿ’ ಎನ್ನುತ್ತಾರೆ. ಪಾತ್ರೆ ತೊಳೆಯುವುದು, ಬಟ್ಟೆ ಒಣಹಾಕುವುದು, ಕರಿಬೇವಿನ ಒಂದು ಕುಂಡ ಇಡುವುದು ಅಲ್ಲೇ. ಅಂದರೆ ಹಿತ್ತಲೇ. ಆದರೆ ಬಾಯಿಬಿಟ್ಟು ಹಾಗನ್ನಲು ನಾಚಿಕೆ.

ಇನ್ನು ಗಾದೆ. ಅದನ್ನು ನಿಧಾನವಾಗಿ ಹೇಳಿ ನೋಡಬೇಕು: ಹಿತ್ತಲ ಗಿಡ ಮದ್ದಲ್ಲ. ಇದು ಕೊರಗಿನ ಮಾತಾಗಿದ್ದರೆ ‘ಹಿತ್ತಲ ಗಿಡ ಮದ್ದಾಗಲಿಲ್ಲ’ ಎಂದೋ ‘ಮದ್ದೆನಿಸದು’ ಎಂದೋ ಇರುತ್ತಿತ್ತು. ನಮ್ಮ ಗಾದೆ ಹಾಗೆ ನಿಟ್ಟುಸಿರು ಬಿಡುವುದಿಲ್ಲ. ‘ಇದು ಕಬ್ಬಿಣವಲ್ಲ’, ‘ಅವನು ನಮ್ಮವನಲ್ಲ’ ಎಂಬಷ್ಟೇ ಖಡಾಖಂಡಿತವಾಗಿ ಒಂದು ವಸ್ತುವಿನ ಜಾತಿ ನಿರ್ಣಯಿಸುತ್ತದೆ. ಹೀಗೆ ನಿರ್ಣಯ ಕೊಡುವವರು ಮನೆಯವರಲ್ಲ, ಹೊರಗಿನವರು. ಅದರಲ್ಲೂ ಏನನ್ನೋ ಮಾರಲು ಬಂದವರು. ಅಂಕಣಕಾರನ ಸಿದ್ಧಾಂತದ ಪ್ರಕಾರ ಈ ಮಾತು ಮೊದಲು ಹುಟ್ಟಿದ್ದು ಸಂತೆಯಲ್ಲಿ ಬೇರು ಮಾರುವವನ ಬಾಯಲ್ಲಿ. ಅದೂ ಶರದೃತುವಿನಲ್ಲಿ.

ಶರದೃತುವೇ ಯಾಕೆ? ವೈದ್ಯರ ಬಗ್ಗೆ ಸಂಸ್ಕೃತದಲ್ಲಿ ಒಂದು ಚೇಷ್ಟೆಯ ಸುಭಾಷಿತವಿದೆ. ಅವರಿಗೆ ಶರತ್ಕಾಲ ತಾಯಿ, ವಸಂತ ತಂದೆ ಎಂಬುದು ಅದರ ಸಾರ. ಆ ಎರಡು ಋತುಸಂಧಿಗಳಲ್ಲಿ ರೋಗ ಹೆಚ್ಚು, ವೈದ್ಯರ ಹೊಟ್ಟೆ ತುಂಬುವುದೂ ಆಗಲೇ. ಮಳೆಗಾಲದಲ್ಲಿ ಒಳಗೊಳಗೇ ಸೇರಿದ ಪಿತ್ತ ಶರತ್ತಿನ ಬಿಸಿಲು ತಾಗಿದ ಕೂಡಲೇ ಕೆರಳುತ್ತದೆ ಎನ್ನುತ್ತದೆ ಆಯುರ್ವೇದ. ನೂರು ಶರತ್ತು ಬಾಳು ಎಂಬ ವೇದಕಾಲದ ಹಾರೈಕೆಯ ಹಿಂದೆಯೂ ಈ ಭಯ ಇದ್ದಿರಬೇಕು. ಶರತ್ತು ದಾಟಿದರೆ ವರ್ಷ ದಾಟಿದಂತೆ.

ಮಲೆನಾಡಿನ ಹಳೆಯ ಮಳೆಗಾಲವನ್ನು ನೆನೆಯಿರಿ. ಹಳ್ಳ ತುಂಬಿದರೆ ಆಚೆ ದಡದ ಸುದ್ದಿಯಿಲ್ಲ. ಸಂತೆಯಿಲ್ಲ, ಪೇಟೆಯಿಲ್ಲ. ಜ್ವರವೋ ಕೆಮ್ಮೋ ಬಂದರೆ ಹಿತ್ತಲಿಗೆ ಕೈಹಾಕಿ ಕಷಾಯ ಕಾಯಿಸಿಕೊಳ್ಳಬೇಕು, ಬದುಕಿಕೊಳ್ಳಬೇಕು. ಬದುಕಿಯೂ ಬಿಡುತ್ತಿದ್ದರು. ಹಳ್ಳ ಇಳಿದು ದಾರಿ ಬಿಟ್ಟಮೇಲೆ ಸಂತೆ ಕೂಡುತ್ತದೆ. ಬೇರು ಮಾರುವವನು ಅಲ್ಲಿ ಬಟ್ಟೆ ಹಾಸಿ ಬೇರು, ನಾರು, ತೊಗಟೆ, ಎಣ್ಣೆಯ ಸೀಸೆ ಜೋಡಿಸುತ್ತಾನೆ. ಅವನಿಗೆ ಎದುರಾಗುವ ಗಿರಾಕಿ ಯಾರು? ನಾಲ್ಕು ತಿಂಗಳು ಹಿತ್ತಲ ಗಿಡದಿಂದಲೇ ಗುಣವಾಗಿ ಬಂದವನು. ಅವನು ಬೇರನ್ನು ತಿರುವಿ ನೋಡಿ, “ಇದು ನಮ್ಮ ಹಿತ್ತಲಲ್ಲೇ ಇದ್ಯಲ್ಲೋ” ಎನ್ನುತ್ತಾನೆ. ವ್ಯಾಪಾರ ಉಳಿಯಬೇಕಾದರೆ ಆ ಕ್ಷಣದಲ್ಲಿ ಒಂದು ಉತ್ತರ ಬೇಕು. ಚಿಕ್ಕದು, ವಾದಕ್ಕೆ ಎಡೆ ಕೊಡದಂಥದು, ಶಾಸ್ತ್ರದಂತೆ ಕೇಳುವಂಥದು. “ಹಿತ್ತಲ ಗಿಡ ಮದ್ದಲ್ಲ ಒಡೆಯಾ.” ಕನ್ನಡದ ಮೊದಲ ಯಶಸ್ವಿ ಜಾಹೀರಾತು ಇದೇ ಎಂದು ಅಂಕಣಕಾರ ಸಾಧಿಸಲು ಸಿದ್ಧ.

ನೆರೆಭಾಷೆಗಳನ್ನು ಸಾಕ್ಷಿಗೆ ಕರೆಯಬಹುದು. ತೆಲುಗಿನವರು ಪೆರಟಿ ಚೆಟ್ಟು ಮದ್ದಿಗೆ ಬಾರದು ಎಂದು ಹೆಚ್ಚುಕಡಿಮೆ ನಮ್ಮದನ್ನೇ ಹೇಳುತ್ತಾರೆ. ಮಲಯಾಳಿಗಳು ಮುಂದಿನ ಅಂಗಳಕ್ಕೆ ಬಂದು, ಮುಟ್ಟತ್ತೆ ಮುಲ್ಲೆಗೆ ಮಣವಿಲ್ಲ, ಅಂದರೆ ಮನೆಯಂಗಳದ ಮಲ್ಲಿಗೆಗೆ ಪರಿಮಳವಿಲ್ಲ ಎನ್ನುತ್ತಾರೆ. ಗುಟ್ಟು ರಟ್ಟು ಮಾಡಿದವರು ಮರಾಠಿಗರು. ‘ಪಿಕತೆ ತಿಥೆ ವಿಕತ ನಾಹಿ’, ಬೆಳೆದಲ್ಲಿ ಮಾರಾಟವಾಗದು. ಮದ್ದೂ ಇಲ್ಲ, ಮಲ್ಲಿಗೆಯೂ ಇಲ್ಲ, ನೇರ ವ್ಯಾಪಾರದ ಮಾತು. ಬೇರು ಮಾರುವವನು ಘಟ್ಟದ ಉತ್ತರಕ್ಕೆ ಹೋಗುವ ಹೊತ್ತಿಗೆ ಪ್ರಾಮಾಣಿಕನಾಗಿದ್ದ ಎನ್ನಬೇಕು.

ಮಾರಲು ಬಾರದವರು ಏನು ಹೇಳುತ್ತಿದ್ದರು ಎಂಬುದಕ್ಕೂ ದಾಖಲೆಯಿದೆ. ವಿನಯಪಿಟಕದಲ್ಲಿ ಜೀವಕನ ಕಥೆ ಬರುತ್ತದೆ. ತಕ್ಷಶಿಲೆಯಲ್ಲಿ ಏಳು ವರ್ಷ ವೈದ್ಯ ಕಲಿತವನಿಗೆ ಗುರು ಗುದ್ದಲಿ ಕೊಟ್ಟು, ಸುತ್ತ ಒಂದು ಯೋಜನ ಅಲೆದು ಮದ್ದಲ್ಲದ ಗಿಡವೊಂದನ್ನು ತಾ ಎನ್ನುತ್ತಾನೆ. ಜೀವಕ ಬರಿಗೈಯಲ್ಲಿ ತಿರುಗಿ ಬಂದು, ಅಂಥದ್ದು ಸಿಗಲಿಲ್ಲ ಎನ್ನುತ್ತಾನೆ. ಓದು ಮುಗಿಯಿತು ಎಂದು ಗುರು ಕಳಿಸಿಕೊಡುತ್ತಾನೆ. ಆ ಗುರುವಿಗೆ ಸಂತೆಯಲ್ಲಿ ಅಂಗಡಿ ಇರಲಿಲ್ಲ.

ಸಂತೆಯವನ ವಂಶ ಇನ್ನೂ ನಡೆಯುತ್ತಿದೆ, ಬಟ್ಟೆ ಹಾಸುವ ಜಾಗ ಬದಲಾಗಿದೆ ಅಷ್ಟೆ. ಗೆಳೆಯನ ಬೇಲಿಯ ಆಡುಸೋಗೆಯನ್ನೇ ತೆಗೆದುಕೊಳ್ಳಿ. ಅದರ ಎಲೆಯಲ್ಲಿ ವಾಸಿಸಿನ್ ಎಂಬ ಸಸ್ಯಕ್ಷಾರವಿದೆ. ಅದನ್ನು ಮಾದರಿಯಾಗಿಟ್ಟುಕೊಂಡು ಜರ್ಮನಿಯ ರಸಾಯನಶಾಸ್ತ್ರಜ್ಞರು ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ತಯಾರಿಸಿದರು. 1960ರ ದಶಕದಲ್ಲಿ ಅದು ಅಂಗಡಿಗೆ ಬಂತು. ಈಗ ಸಿದ್ದಾಪುರದ ಮೆಡಿಕಲ್ ಶಾಪಿನಲ್ಲಿ ಸಿರಪ್ ಕೊಳ್ಳುವವನು ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿದರೆ ತನ್ನ ಬೇಲಿಯ ಮೊಮ್ಮಗ ಅಲ್ಲಿರುವುದು ಕಂಡೀತು.

ಅರಿಶಿನದ್ದು ಇನ್ನೂ ಸೊಗಸು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಸಿಎಸ್‌ಐಆರ್ ಆಕ್ಷೇಪ ಎತ್ತಿ, ಹಳೆಯ ಗ್ರಂಥಗಳನ್ನೂ ವೈದ್ಯಕೀಯ ಪತ್ರಿಕೆಯ ಹಳೆಯ ಲೇಖನವನ್ನೂ ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಅಜ್ಜಿಯೊಬ್ಬಳನ್ನು ಸಾಕ್ಷಿ ಹೇಳಿಸಿದರೆ ಸಾಲುತ್ತಿರಲಿಲ್ಲ, ಅಚ್ಚಾದದ್ದೇ ಬೇಕಿತ್ತು. ಹಿತ್ತಲ ಗಿಡ ಮದ್ದು ಹೌದು ಎಂದು ಕಾಗದಪತ್ರ ಸಮೇತ ತೀರ್ಮಾನವಾದ ಆ ಪ್ರಸಂಗದ ನಂತರವೂ ನಮ್ಮ ಸಭಾಧ್ಯಕ್ಷರು ಹಳೆಯದನ್ನೇ ಹೇಳುತ್ತಿದ್ದಾರೆ.

ಬೇರು ಮಾರುವವನ ಪರವಾಗಿಯೂ ಒಂದು ಮಾತು ಹೇಳಬೇಕು, ನ್ಯಾಯ. ಬಚ್ಚಲ ಕಲ್ಲಿನ ಸಂದಿಯಲ್ಲಿ ತಾನೇ ಹುಟ್ಟುವ ನೆಲನೆಲ್ಲಿಯನ್ನು ಕಾಮಾಲೆಗೆ ಕೊಡುವುದು ಹಿಂದಿನಿಂದ ಬಂದ ರೂಢಿ. 1988ರಲ್ಲಿ ಚೆನ್ನೈನ ಸಂಶೋಧಕರು, ಹೆಪಟೈಟಿಸ್ ಬಿ ವೈರಾಣುವಿನ ಶೋಧಕ್ಕಾಗಿ ನೊಬೆಲ್ ಪಡೆದ ಬ್ಲಂಬರ್ಗ್ ಅವರೊಡನೆ ಸೇರಿ, ಈ ಗಿಡದಿಂದ ಹಲವು ರೋಗವಾಹಕರಿಗೆ ಗುಣ ಕಂಡಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಹಿತ್ತಲುಗಳಿಗೆಲ್ಲ ಆಸೆ ಹುಟ್ಟಿತು. ಆಮೇಲಿನ ಪರೀಕ್ಷೆಗಳಲ್ಲಿ ಅದೇ ಫಲ ಮತ್ತೆ ಸಿಗಲಿಲ್ಲ.

ಗಾದೆಯ ಮೊದಲ ಪದವನ್ನೂ ಹಿಡಿದು ಜಗ್ಗಬಹುದು. ಹಿತ್ತಲ ಗಿಡ ಎಂದರೆ ನಮ್ಮದೇ ಮಣ್ಣಿನದು ಎಂಬ ಭಾವನೆ ಎಲ್ಲರಿಗೂ ಇದೆ. ಸನ್ಮಾನ ಸಭೆಯ ಭಾಷಣ ನಿಂತಿರುವುದೇ ಅದರ ಮೇಲೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಎಂಬ ಪುಸ್ತಕ ಬರೆದು ಆ ಭ್ರಮೆಯನ್ನು ನಗುನಗುತ್ತಲೇ ಬಿಡಿಸಿದರು. ಗೆಳೆಯನ ಹಿತ್ತಲಿನ ಸೂಜಿಮೆಣಸು, ಪಪ್ಪಾಯಿ, ಪೇರಲೆ, ಮರಗೆಣಸು, ಸೀಮೆಬದನೆ ಎಲ್ಲವೂ ಅಮೆರಿಕ ಖಂಡಗಳಿಂದ ಹಡಗು ಹತ್ತಿ ಬಂದವು. ಸೀಮೆಬದನೆಯ ಹೆಸರಿನಲ್ಲಾದರೂ ಊರಿನ ಗುರುತು ಉಳಿದಿದೆ. ಮೆಣಸು ಅದನ್ನೂ ಅಳಿಸಿಕೊಂಡು, ಕಾಳುಮೆಣಸಿನ ಹೆಸರನ್ನೇ ಕಿತ್ತುಕೊಂಡು, ಮನೆ ಯಜಮಾನನಾಗಿ ಕೂತಿದೆ.

ಗಾದೆ ಏನೇ ಹೇಳಲಿ, ಹಿತ್ತಲಿಗೆ ಅದರದೇ ಮರ್ಯಾದೆಯ ದಿನವೊಂದಿದೆ. ಅದು ಇದೇ ಋತುವಿನ ಭೂಮಿ ಹುಣ್ಣಿಮೆ. ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಬಿದಿರು ಬುಟ್ಟಿಗೆ ಸೆಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ರಾತ್ರಿಯೆಲ್ಲ ಅಡುಗೆ. ಹಿತ್ತಲಿನ ಸೊಪ್ಪು, ಬೇಲಿಯ ಕಾಯಿ, ಕಾಡಿನ ಕುಡಿ ಎಲ್ಲ ಬೆರೆಸಿ ಬೇಯಿಸಿದ ಹಚ್ಚಂಬಲಿಯನ್ನು ನಸುಕಿನಲ್ಲಿ ಗಂಡಸರು ಗದ್ದೆಗೆ ಒಯ್ದು ಬೀರುತ್ತಾರೆ. ತೆನೆ ಕಟ್ಟುತ್ತಿರುವ ಭೂಮಿ ಬಸುರಿ, ಅವಳಿಗಿದು ಬಯಕೆಯೂಟ. ಮನೆಯ ಹಿಂದಿನ ಗಿಡ ಗದ್ದೆಗೆ ಹೋಗಿ ಉಣಿಸಿ ಬರುವ ಈ ಹಬ್ಬದಲ್ಲಿ ಅದು ಮದ್ದೋ ಅಲ್ಲವೋ ಎಂದು ಯಾರೂ ಕೇಳಿದ್ದಿಲ್ಲ.

ಇಷ್ಟನ್ನೂ ಅಂಕಣಕಾರ ಊಟದ ಹೊತ್ತಿಗೆ ಗೆಳೆಯನ ತಾಯಿಯ ಮುಂದೆ ವಿಸ್ತಾರವಾಗಿ ಹೇಳಿದ. ಅವರು ಒಂದೆಲಗದ ತಂಬುಳಿ ಬಡಿಸುತ್ತ ಕೇಳಿಸಿಕೊಂಡರು. ಬೇರು ಮಾರುವವನ ಕಥೆ ಮುಗಿದಮೇಲೆ ಅವರ ಅಭಿಪ್ರಾಯ ಬಂತು. “ದಿನಾ ಉಂಬದಕ್ಕೆ ಮದ್ದು ಹೇಳ್ತ್ವನೋ ತಮಾ? ಜ್ವರ ಬಂದವ ಕುಡಿಯದು ಮದ್ದು. ಇದು ತಂಬ್ಳಿ.” ಅವರ ಪ್ರಕಾರ ಗಾದೆಯಲ್ಲಿ ದೂರೂ ಇಲ್ಲ, ವ್ಯಾಪಾರವೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ, ಯಾಕೆಂದರೆ ಅದು ಊಟ. ಮದ್ದನ್ನು ಅಳತೆ ಮಾಡಿ, ಪಥ್ಯ ಹಿಡಿದು, ಗುಣವಾದ ಮೇಲೆ ಬಿಡಬೇಕು. ತಂಬುಳಿಗೆ ಯಾವ ಪಥ್ಯ?

ಈ ಅರ್ಥವನ್ನು ತಳ್ಳಿಹಾಕುವುದು ಕಷ್ಟ, ಯಾಕೆಂದರೆ ಅದಕ್ಕೆ ತೈವಾನಿನ ಸಾಕ್ಷಿಯಿದೆ. ನಮ್ಮ ಹಿತ್ತಲುಗಳ ಚಕ್ರಮುನಿ ಸೊಪ್ಪು, ಜನ ವಿಟಮಿನ್ ಸೊಪ್ಪು ಎನ್ನುತ್ತಾರಲ್ಲ, ಅದು ಆಗ್ನೇಯ ಏಷ್ಯಾದಲ್ಲೂ ಬೇಯಿಸಿ ತಿನ್ನುವ ಸಾದಾ ಸೊಪ್ಪು. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ಅದನ್ನು ತೂಕ ಇಳಿಸುವ ಔಷಧವೆಂದು ನಂಬಿ, ಹಸಿ ರಸ ಹಿಂಡಿ, ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಕೊಂಡು ತೀವ್ರ ಕಾಯಿಲೆಯಾಯಿತು. ಕೆಲವರು ತೀರಿಕೊಂಡರು. ಬೆಂದು ತಟ್ಟೆಗೆ ಬರುತ್ತಿದ್ದ ಗಿಡಕ್ಕೆ ಮದ್ದಿನ ಪಟ್ಟ ಕಟ್ಟಿದ್ದರ ಫಲ. ಮನೆಮದ್ದಿನ ಪುಟದವರು ಗಾದೆಯ ಬಾಲ ಕತ್ತರಿಸುವ ಮೊದಲು ಇದನ್ನೊಮ್ಮೆ ಓದಬೇಕು.

ಅಷ್ಟಾದರೂ ಅಂಕಣಕಾರ ಬೇರು ಮಾರುವವನನ್ನು ಬಿಟ್ಟುಕೊಡುವ ಲಕ್ಷಣ ಕಾಣಲಿಲ್ಲ, ಮತ್ತು ಸಂಜೆಯ ಹೊತ್ತಿಗೆ ಅವನಿಗೆ ಅನುಕೂಲವಾದ ಒಂದು ಘಟನೆಯೂ ನಡೆಯಿತು. ಮೊಮ್ಮಗಳಿಗೆ ಕೆಮ್ಮು ಹತ್ತಿತ್ತು. ಆಡುಸೋಗೆಯ ಕಷಾಯ ಮಾಡಬೇಕೆಂದು ಅಜ್ಜಿ ಎದ್ದರು, ಹಿತ್ತಲ ಬಾಗಿಲು ತೆರೆದರು, ಕೈಗೆಟುಕುವ ತಮ್ಮ ಬೇಲಿಯನ್ನು ದಾಟಿಸಿ ಮಗನನ್ನು ಆಚೆ ಮನೆಗೆ ಅಟ್ಟಿದರು. ಅವರ ಹಿತ್ತಲಲ್ಲಿರುವುದೂ ಇದೇ ಗಿಡವಲ್ಲವೇ ಎಂದು ಅಂಕಣಕಾರ ಕೇಳಿದ್ದಕ್ಕೆ, ಒಲೆಗೆ ಕಟ್ಟಿಗೆ ಒಡ್ಡುತ್ತಲೇ ಉತ್ತರ ಕೊಟ್ಟರು: “ಅವರ ಮನೆದು ನೆರಳಿಗೆ ಇದ್ದು. ಅದು ಚೊಲೋ ಹಿಡೀತು.”